ಸಂದೂಕಿನೊಳಗಿನ ಉಡಿ

ಹವಲ್ಲಿ, ಕುವೈತ್
ಶನಿವಾರ, 7 ಮಾರ್ಚ್ 1998, ಬೆಳಿಗ್ಗೆ

ನನ್ನ ಪ್ರೀತಿಯ ನೀಲಕ್ಕನಿಗೆ ತಂಗಿ ದೇವಕ್ಕ ಮಾಡುವ ನಮಸ್ಕಾರಗಳು.

ಇದರ ಕೆಳಗೆ ‘ನಾವೆಲ್ಲರೂ ಕ್ಷೇಮ’ ಎಂದು ಬರೆದು ಹೊಡೆದು ಹಾಕಿದ್ದೇನೆ. ಹಾಳೆಯನ್ನು ಬೆಳಕಿಗೆ ಹಿಡಿದು ಓದಲು ಹೋಗಬೇಡ, ಅಲ್ಲಿರುವುದು ಅಷ್ಟೇ. ಮೈಗೆ ಯಾರಿಗೂ ಏನೂ ಆಗಿಲ್ಲ. ಸ್ನೇಹಾ ಶಾಲೆಗೆ ಹೋಗಿದ್ದಾಳೆ. ಇವರು ನಿನ್ನೆ ಸಂಜೆಯೇ ಮೀನಾ ಅಬ್ದುಲ್ಲಾದ ಕ್ಯಾಂಪಿಗೆ ಹೋದರು, ರಿಫೈನರಿಯಲ್ಲಿ ಕೆಲಸ ಜೋರಾಗಿದೆ, ಇನ್ನು ಬರುವುದು ಗುರುವಾರವೇ. ಮನೆಯಲ್ಲಿ ನಾನೊಬ್ಬಳು. ಬಾಗಿಲಿಗೆ ಚಿಲಕ ಹಾಕಿ, ಅದಕ್ಕೆ ಕುರ್ಚಿಯನ್ನೂ ಒತ್ತಿಟ್ಟು ಬರೆಯಲು ಕೂತಿದ್ದೇನೆ. ಬರುವವರು ಬಂದರೆ ಕುರ್ಚಿ ಏನು ತಡೆಯುತ್ತದೆ ಎಂದು ನೀನು ಕೇಳಬಹುದು. ನನಗೂ ಗೊತ್ತು. ಅಕ್ಕ, ನನಗೆ ಬಹಳ ಹೆದರಿಕೆಯಾಗಿದೆ.

ಫೋನ್ ಮಾಡಬಹುದಿತ್ತು. ನಿಮ್ಮ ಓಣಿಯಲ್ಲಿರುವುದು ಒಂದೇ ಫೋನು, ಅದೂ ಕಿರಾಣಿ ಅಂಗಡಿಯಲ್ಲಿ. ನಾನು ಇಲ್ಲಿ ಅತ್ತರೆ ಅಲ್ಲಿ ಬೆಲ್ಲ ತೂಗಿಸಲು ಬಂದವರೆಲ್ಲ ಕೇಳಿಸಿಕೊಳ್ಳುತ್ತಾರೆ. ಇಲ್ಲಿಯ ಅಂಚೆಗೆ ಹಾಕಲೂ ಧೈರ್ಯವಾಗಲಿಲ್ಲ. ಎದುರು ಮನೆಯ ಮೋರಿಸ್ ನಾಳೆ ರಜೆಯ ಮೇಲೆ ಊರಿಗೆ ಹೊರಟಿದ್ದಾರೆ, ಮುಂಬೈಯಲ್ಲಿ ಇಳಿದ ಕೂಡಲೇ ಡಬ್ಬಿಗೆ ಹಾಕುತ್ತೇನೆ ಎಂದರು. ಪತ್ರದಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ. ಅಕ್ಕನಿಗೆ ಗುರೆಳ್ಳು ಚಟ್ನಿ ಕಳಿಸಲು ಬರೆದಿದ್ದೇನೆ ಎಂದು ನಾನೇ ಮೇಲೆ ಬಿದ್ದು ಹೇಳಿದೆ.

ನಮ್ಮ ಸಂದೂಕಿನ ಕೆಲಸ ನಿನಗೆ ಗೊತ್ತೇ ಇದೆ. ಕುವೈತಿಗೆ ಹೋದ ತಂಗಿ ಬಂಗಾರ ತರುತ್ತಾಳೆ ಅಂದರೆ ಹಿತ್ತಾಳೆ ತಿಕ್ಕುತ್ತ ಕೂತಿದ್ದಾಳೆ ಎಂದು ನೀನು ನಕ್ಕಿದ್ದನ್ನು ನಾನು ಮರೆತಿಲ್ಲ. ಇವರು ಶುಕ್ರವಾರದ ಸಂತೆಯಿಂದ ಕೀಲು ಮುರಿದ ಹಳೆಯ ಪೆಟ್ಟಿಗೆಯೊಂದನ್ನು ಹೊತ್ತು ತಂದ ದಿನ ನಾನೂ ಬೈದಿದ್ದೆ. ಬಡಿಗೇರ ಕಾಳಪ್ಪನ ಕಟ್ಟೆಯ ಮೇಲೆ ಆಡಿ ಬೆಳೆದ ಕೈ, ಸುಮ್ಮನಿರುತ್ತದೆಯೇ? ಕೀಲು ಕೂಡಿಸಿದರು, ಬಿರುಕು ಮುಚ್ಚಿದರು, ಒಣಗಿದ ಮರಕ್ಕೆ ಅಗಸೆ ಎಣ್ಣೆ ಕುಡಿಸಿದರು. ಹುಣಸೆಹಣ್ಣು, ಉಪ್ಪು ಹಾಕಿ ಹಿತ್ತಾಳೆಯ ಮೊಳೆಗಳನ್ನು ತಿಕ್ಕುವುದು ನನ್ನ ಪಾಲಿಗೆ ಬಂತು. ಈಗ ಎಲ್ಲರಿಗೂ ಇಂಥವೇ ಬೇಕು. ಹಿಂದಿನವರು ಬಟ್ಟೆಬರೆ ತುಂಬಿಕೊಂಡು ಹಡಗು ಹತ್ತಿದ ಪೆಟ್ಟಿಗೆಗಳ ಮೇಲೆ ಈಗಿನವರು ಗಾಜು ಹಾಕಿಸಿ ಚಹಾ ಕುಡಿಯುತ್ತಾರೆ. ಒಬ್ಬರು ಅದರಲ್ಲಿ ಮಕ್ಕಳ ಮೊದಲ ಅಂಗಿ, ಬಿದ್ದ ಹಲ್ಲು ಇಟ್ಟಿದ್ದಾರೆ. ಇನ್ನೊಬ್ಬರು ತೀರಿಹೋದ ತಂದೆಯ ಕನ್ನಡಕ, ಜಪಮಾಲೆ ಇಟ್ಟುಕೊಂಡು ಹಬ್ಬದ ದಿನ ಮಾತ್ರ ಮುಚ್ಚಳ ತೆಗೆಯುತ್ತಾರೆ. ಊರೂರು ತಿರುಗಲೆಂದು ಮಾಡಿದ ಪೆಟ್ಟಿಗೆಗಳು ಈಗ ಮನೆಯ ಮೂಲೆಯಲ್ಲಿ ಕೂತು ನೆನಪು ಕಾಯುತ್ತಿವೆ.

ಈ ಕೆಲಸ ಕದ್ದುಮುಚ್ಚಿ ಮಾಡುವಂಥದ್ದು ಎಂಬುದನ್ನು ಮಾತ್ರ ನಿನಗೆ ಹೇಳಿರಲಿಲ್ಲ. ಇವರ ಇಕಾಮಾ, ಅಂದರೆ ಇಲ್ಲಿರಲು ಕೊಟ್ಟ ಪರವಾನಗಿ, ಕಂಪನಿಯ ಹೆಸರಿನಲ್ಲಿದೆ. ಕಂಪನಿಯೇ ಇವರ ಕಫೀಲ್, ಅಂದರೆ ಹೊಣೆ ಹೊತ್ತ ಧಣಿ. ಅವರ ಕೆಲಸ ಬಿಟ್ಟು ಹೊರಗೆ ಒಂದು ಮೊಳೆ ಹೊಡೆದರೂ ತಪ್ಪೇ. ಯಾರಾದರೂ ಒಂದು ದೂರು ಕೊಟ್ಟರೆ ಖಲಾಸ್, ಮೂವರನ್ನೂ ವಿಮಾನ ಹತ್ತಿಸುತ್ತಾರೆ. ಇಷ್ಟು ದಿನ ಯಾರೂ ದೂರು ಕೊಡುವಂಥದ್ದು ನಡೆದಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಹರ್ಬರ್ಟ್ ಎಂಬ ಡ್ರೈವರ್ ನಮ್ಮನ್ನು ಹುಡುಕಿಕೊಂಡು ಬಂದ. ಮಂಗಳೂರಿನ ಕಡೆಯವನು, ರುಮೈಥಿಯಾದ ಒಂದು ಕುವೈತಿ ಮನೆಯಲ್ಲಿ ಕಾರು ಓಡಿಸುತ್ತಾನೆ. ಆ ಮನೆಯ ಯಜಮಾನಿಯನ್ನು ಎಲ್ಲರೂ ಉಮ್ಮ್ ಯೂಸುಫ್ ಎನ್ನುತ್ತಾರೆ, ನಮ್ಮಲ್ಲಿ ಹಿರಿಮಗನ ಹೆಸರು ಹಿಡಿದು ಬಸ್ಯಾನ ಅವ್ವ ಎಂದು ಕರೆಯುವ ಹಾಗೆ. ಗಂಡ ತೀರಿಹೋಗಿದ್ದಾರೆ, ಹೊರಗಿನ ವ್ಯವಹಾರಕ್ಕೆಲ್ಲ ಮೈದುನನೇ ಮುಂದೆ. ಮಗಳು ಶೈಖಾಳ ಮದುವೆ ಗೊತ್ತಾಗಿತ್ತು. ಉಮ್ಮ್ ಯೂಸುಫರ ತಾಯಿ ಮದುವೆಯಾಗಿ ಬಂದಾಗ ತಂದ ಸಂದೂಕನ್ನು ಸರಿಮಾಡಿಸಿ ಮಗಳಿಗೆ ಕೊಡಬೇಕೆಂದು ಅವರ ಆಸೆ. ತೇಗ ನಮ್ಮ ದೇಶದ್ದೇ, ಹಾಯಿಹಡಗಿನಲ್ಲಿ ಇಲ್ಲಿಗೆ ಬಂದದ್ದು. ಆ ಅಜ್ಜಿ ಹಜ್ ಯಾತ್ರೆಗೂ ಅದನ್ನೇ ಒಯ್ದಿದ್ದರಂತೆ. ಯುದ್ಧದ ವರ್ಷ ಮನೆಯವರು ಓಡಿಹೋದಾಗ ಸೈನಿಕರು ಒಳಹೊಕ್ಕು ಮುಚ್ಚಳವನ್ನು ಮೀಟಿ ತೆಗೆದಿದ್ದಾರೆ, ಕೀಲು ಕಿತ್ತು ಬಂದಿತ್ತು. ಕೀಲು ಸರಿಮಾಡು, ಮೀಟಿದ ಗಾಯವನ್ನು ಮಾತ್ರ ಮುಚ್ಚಬೇಡ, ಮೊಮ್ಮಕ್ಕಳು ನೋಡಬೇಕು ಎಂದು ಉಮ್ಮ್ ಯೂಸುಫ್ ಇವರಿಗೆ ಹೇಳಿದರು. ಚಿಕ್ಕಂದಿನಲ್ಲಿ ಮುಂಬೈಯಲ್ಲಿದ್ದವರು, ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಾರೆ. ಅಜ್ಜಿಯ ಮುಸುಕು, ಅಪ್ಪನ ಕೈಗಡಿಯಾರ, ತಮ್ಮ ಮದುವೆಯ ಉಡುಪು ಎಲ್ಲ ಅದರಲ್ಲಿಟ್ಟು ಮಗಳನ್ನು ಕಳಿಸಬೇಕು ಎಂದರು. ನನ್ನ ಕೈಹಿಡಿದು, ಇದರೊಳಗೆ ನನ್ನ ತಾಯಿ ಇದ್ದಾಳೆ, ಮೆಲ್ಲಗೆ ತಿಕ್ಕು ಎಂದರು. ಆ ಒಂದು ಮಾತಿಗೆ ನಾನು ಕರಗಿಬಿಟ್ಟೆ.

ಚಳಿಗಾಲವೆಲ್ಲ ಆ ಸಂದೂಕು ನಮ್ಮ ಮಂಚಕ್ಕೆ ಒತ್ತಿಕೊಂಡು ಕೂತಿತ್ತು. ಅದರ ಮೇಲೆ ಪುಸ್ತಕವಿಟ್ಟು ಬರೆಯಲು ಹೋದರೆ ಸ್ನೇಹಾಳನ್ನು ಗದರಿಸುತ್ತಿದ್ದೆ. ನಾನು ಕನ್ನಡದಲ್ಲಿ ಗದರಿದರೆ ಅವಳು ಇಂಗ್ಲಿಷಿನಲ್ಲಿ ಸಾರಿ ಎನ್ನುತ್ತಾಳೆ, ಹೀಗಿದೆ ನಮ್ಮ ಮಾತುಕತೆ. ಮುಚ್ಚಳ ತೆಗೆದರೆ ಯಾವ ಕಾಲದ್ದೋ ಧೂಪದ ವಾಸನೆ. ಒಳಗೆ ಎಡಕ್ಕೆ ಒಡವೆ ಇಡಲು ಮುಚ್ಚಳವಿರುವ ಒಂದು ಸಣ್ಣ ಗೂಡು. ಹೋದ ಭಾನುವಾರ ಬಂದು ಒಯ್ಯುತ್ತೇವೆ ಎಂದು ರುಮೈಥಿಯಾದಿಂದ ಹೇಳಿ ಕಳಿಸಿದರು.

ಈಗ ಕೇಳು, ನಾನು ಮಾಡಿದ ಘನಂದಾರಿ ಕೆಲಸ. ನಮ್ಮವ್ವ ಮಂದಿಯ ಡಬ್ಬಿಯನ್ನು ಎಂದಾದರೂ ಬರಿದಾಗಿ ತಿರುಗಿ ಕೊಟ್ಟಿದ್ದಳೇ? ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಿದ್ದಳು. ಇದು ಮದುಮಗಳ ಪೆಟ್ಟಿಗೆ. ಗಂಡನ ಮನೆಗೆ ಹೋಗುವ ಹುಡುಗಿಯನ್ನು ಉಡಿ ತುಂಬದೆ ಕಳಿಸುವುದುಂಟೇ? ಸಂಕ್ರಾಂತಿಗೆ ನೀನು ಕಳಿಸಿದ ಗುಳೇದಗುಡ್ಡದ ಕುಪ್ಪಸದ ಖಣಗಳಲ್ಲಿ ಹಸಿರು ಅಂಚಿನ ಕೆಂಪು ಖಣ ತೆಗೆದೆ. ಅರಿಷಿಣ ಹಚ್ಚಿದ ಅಕ್ಕಿ, ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು, ಒಂದು ತುಣುಕು ಬೆಲ್ಲ ಇಟ್ಟು ಮೇಲೆ ಕುಂಕುಮ ಹಾಕಿದೆ. ಉಮ್ಮ್ ಯೂಸುಫ್ ತಾವೇ ಬರುತ್ತಾರೆ, ಅವರ ಕೈಗೆ ಕೊಟ್ಟು ಇದು ಏನು, ಯಾಕೆ ಎಂದು ಬಿಡಿಸಿ ಹೇಳಬೇಕೆಂದು ಹಿಂದಿ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ಅವರು ಬರಲಿಲ್ಲ. ಹರ್ಬರ್ಟ್ ವ್ಯಾನು ತಂದ, ಜೊತೆಗೆ ತೆರೆಸಾ ಬಂದಳು. ತೆರೆಸಾ ಆ ಮನೆಯ ಕೆಲಸದವಳು, ಶಿರ್ವದ ಕಡೆಯವಳು. ಯುದ್ಧ ಮುಗಿದ ಕೂಡಲೇ ಬಂದು ಸೇರಿದವಳು, ಶೈಖಾಳ ತಲೆ ಬಾಚಿ ಶಾಲೆಗೆ ಕಳಿಸಿದವಳೇ ಅವಳು. ಇವರು ಕ್ಯಾಂಪಿನಲ್ಲಿದ್ದರು. ಹರ್ಬರ್ಟ್ ಕೆಳಗಿನ ಅಂಗಡಿಯವರನ್ನು ಕರೆತರಲು ಇಳಿದು ಹೋದ. ಗಡಿಬಿಡಿಯಲ್ಲಿ ಖಣ ಜಾರುತ್ತಿತ್ತು, ಗಂಟು ಕೂಡುತ್ತಿರಲಿಲ್ಲ. ಏನಿದು ಎಂದು ತೆರೆಸಾ ಕೇಳಿದಳು. ಹೇಳಿದೆ. ಊರಲ್ಲಿ ನೆರೆಮನೆಯವರು ಮಡಿಲು ತುಂಬುವುದನ್ನು ನೋಡಿದ್ದೇನೆ ಎಂದು ನಕ್ಕು, ಶೈಖಾಳನ್ನು ನೆನೆದು ನಮ್ಮ ಬೇಬಿ ಚೆನ್ನಾಗಿರಲಿ ಎಂದು ತಾನೂ ಒಂದು ಹಿಡಿ ಅಕ್ಕಿ ಹಾಕಿದಳು. ಆಮೇಲೆ ಅವಳು ತುದಿ ಹಿಡಿದುಕೊಂಡಳು, ನಾನು ಗಂಟು ಹಾಕಿದೆ. ಗೂಡಿನಲ್ಲಿಟ್ಟು, ಮೇಡಮ್ಮಿಗೆ ನೀನೇ ತೋರಿಸಿ ಹೇಳು ಎಂದೆ. ಅವಳು ಹೂಂ ಎಂದಳು. ಅಲ್ಲಿ ಮನೆ ತುಂಬ ನೆಂಟರು, ಹೋದವಳನ್ನು ಹಾಗೇ ಅಡುಗೆಮನೆಗೆ ನೂಕಿದ್ದಾರೆ. ಹೇಳುವುದು ಉಳಿದುಹೋಯಿತು.

ಬುಧವಾರ ಮಧ್ಯಾಹ್ನ ಹರ್ಬರ್ಟ್ ರಸ್ತೆಯ ಬೂತಿನಿಂದ ಫೋನ್ ಮಾಡಿದ. ಅವನ ಮಾತು ಇನ್ನೂ ಕಿವಿಯಲ್ಲಿದೆ.

“ಅಕ್ಕಾ, ಸಂದೂಕಿನ ಒಳಗೆ ಮಾಟ ಸಿಕ್ಕಿದೆ ಅಂತ ಇಲ್ಲಿ ದೊಡ್ಡ ಗಲಾಟೆ ಆಗ್ತಾ ಉಂಟು. ಬೇಬಿಯ ಜ್ವರ ಇಳಿಯುವುದೇ ಇಲ್ಲ. ತೆರೆಸಾಳನ್ನು ರೂಮಿಗೆ ಹಾಕಿ ಬೀಗ ಹಾಕಿದ್ದಾರೆ. ನೀವು ಈ ಕಡೆ ಬರ್ಲೇಬೇಡಿ.”

ಆಗಿದ್ದು ಹೀಗೆ. ಸಂದೂಕು ಮನೆಗೆ ಹೋದ ಮರುದಿನದಿಂದ ಶೈಖಾ ಮಲಗಿದ್ದಾಳೆ. ಹೋದ ವರ್ಷ ಅವಳ ಒಂದು ಸಂಬಂಧ ಗೊತ್ತಾಗಿ ಮುರಿದಿತ್ತು, ಯಾರದೋ ಕಣ್ಣು ಬಿದ್ದಿದೆ ಎಂಬ ಅಳುಕು ಮನೆಯವರಿಗೆ ಮೊದಲೇ ಇತ್ತು. ಮೈದುನನ ಹೆಂಡತಿ ಗೂಡಿನ ಮುಚ್ಚಳ ತೆಗೆದಿದ್ದಾಳೆ. ಬೆಲ್ಲ ನೀರೊಡೆದು ಕುಂಕುಮ ಅಕ್ಕಿಗೆಲ್ಲ ಇಳಿದು ರಕ್ತದ ಹಾಗೆ ಕಂಡಿದೆ. ಗಂಟಿನಲ್ಲಿ ಒಂದು ಉದ್ದನೆಯ ಕೂದಲು ಬೇರೆ ಸಿಕ್ಕಿಕೊಂಡಿತ್ತು. ಮಾಟಕ್ಕೆ ಇಲ್ಲಿ ಸಿಹ್ರ್ ಎನ್ನುತ್ತಾರೆ. ಬೇಡದವರ ಮನೆಯಲ್ಲಿ ಕೂದಲು ಸುತ್ತಿ ಗಂಟು ಹಾಕಿ ಇಡುತ್ತಾರಂತೆ. ಆ ಕೂದಲು ನನ್ನದೋ ತೆರೆಸಾಳದೋ ದೇವರೇ ಬಲ್ಲ, ಇಬ್ಬರ ಜಡೆಯೂ ಉದ್ದ. ಸಂದೂಕಿನ ಜೊತೆ ವ್ಯಾನಿನಲ್ಲಿ ಕೂತು ಬಂದವಳು ತೆರೆಸಾ, ಹಾಗಾಗಿ ಅನುಮಾನ ಅವಳ ಮೇಲೆ. ಸಿಹ್ರ್ ಮಾಡಿದವರಿಗೆ ಏನು ಶಿಕ್ಷೆ ಎಂದು ನಾನು ಹರ್ಬರ್ಟನನ್ನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಫೋನಿಟ್ಟ ಮೇಲೆ ಅಲ್ಲೇ ನೆಲದ ಮೇಲೆ ಕೂತೆ. ಒಲೆಯ ಮೇಲಿನ ಬೇಳೆ ಸೀದು ವಾಸನೆ ಹೊಡೆದು, ಎದುರು ಮನೆಯ ಕಾರ್ಮೆಲ್ ಬಂದು ಬಾಗಿಲು ಬಡಿದಾಗ ಪೊಲೀಸರೇ ಬಂದರು ಎಂದುಕೊಂಡೆ. ಅಂದಿನಿಂದ ಲಿಫ್ಟು ನಮ್ಮ ಮಹಡಿಗೆ ಬಂದು ನಿಂತರೆ ಸಾಕು, ನಾನು ಎದ್ದು ಬಾಗಿಲ ಚಿಲಕ ಮುಟ್ಟಿ ನೋಡುತ್ತೇನೆ.

ಅವರ ಮೇಲೆ ನನಗೆ ಸಿಟ್ಟಿಲ್ಲ ಅಕ್ಕ. ನಿನ್ನ ಬಾಣಂತನದಲ್ಲಿ ನಮ್ಮ ಹೊಸ್ತಿಲ ಮೇಲೆ ಸೂಜಿ ಚುಚ್ಚಿದ ನಿಂಬೆಹಣ್ಣು ಸಿಕ್ಕಿತ್ತಲ್ಲ. ಅವ್ವ ಅದನ್ನು ಕಸಬರಿಗೆಯಿಂದಲೂ ಮುಟ್ಟಲಿಲ್ಲ. ಓಣಿಯವರ ಹೆಸರನ್ನೆಲ್ಲ ಹೇಳಿ ಹೇಳಿ ಕೊನೆಗೆ ಹಾಲು ಹಾಕುವ ಮುದುಕಿಯ ಮೇಲೆ ಬಂದು ನಿಂತರು. ಆಕೆ ಅಳುತ್ತ ಹೋದವಳು ಮತ್ತೆ ನಮ್ಮ ಓಣಿಗೇ ಕಾಲಿಡಲಿಲ್ಲ. ಕೂಸಿಗೆ ಜ್ವರ ಬಂದ ಮನೆಯಲ್ಲಿ ಯಾರಿಗೆ ಬುದ್ಧಿ ನೆಟ್ಟಗಿರುತ್ತದೆ? ಉಮ್ಮ್ ಯೂಸುಫರೂ ತಾಯಿಯೇ.

ಗುರುವಾರ ಮಧ್ಯಾಹ್ನ ಇವರು ಬಂದರು. ಊಟಕ್ಕೆ ಬಡಿಸುತ್ತ ಹರ್ಬರ್ಟ್ ಹೇಳಿದ್ದನ್ನೆಲ್ಲ ಹೇಳಿದೆ, ಗಂಟು ಕಟ್ಟಿದವಳು ನಾನು ಎಂಬುದೊಂದನ್ನು ಬಿಟ್ಟು. ಹೇಳಲೆಂದೇ ಬಾಯಿ ತೆರೆದಿದ್ದೆ. ಇವರ ಮುಖ ಬಿಳಿಚಿಕೊಂಡದ್ದನ್ನು ನೋಡಿ, ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಬಡಿಸುವುದನ್ನು ಬಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದೆ. ಇವರು ಕೇಳಿದ್ದು ಒಂದೇ, ಗಂಟಿನ ಬಟ್ಟೆ ಯಾವ ಬಣ್ಣದ್ದಂತೆ ಎಂದು. ಗೊತ್ತಿಲ್ಲ ಎಂದೆ. ಊಟ ಅರ್ಧಕ್ಕೇ ಬಿಟ್ಟು ಎದ್ದರು. ಕಪಾಟು ತೆಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸಾಲ್ಮಿಯಾದಲ್ಲಿ ಗೆಳೆಯನನ್ನು ನೋಡಿ ಬರುತ್ತೇನೆ ಎಂದು ಹೋದರು. ಸಂಜೆ ಬಂದಾಗ ಸ್ವಲ್ಪ ಹಗುರಾದ ಹಾಗಿದ್ದರು. ಎಂದೂ ಇಲ್ಲದ್ದು, ಸ್ನೇಹಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಗಣಿತ ಹೇಳಿಕೊಟ್ಟರು. ನಾನು ತೆರೆಸಾಳ ಮಾತೆತ್ತಿದೆ. ಇವರು ನನ್ನ ಕಡೆ ತಿರುಗಲಿಲ್ಲ.

“ನೀ ಆ ಮಾತು ಬಿಡು. ಅವರ ಮನಿ ಹೆಣ್ಣಮಗಳು, ಅವರು ನೋಡ್ಕೋತಾರ. ನಮಗ ಹುಡುಗಿ ಸಾಲಿ ಐತಿ, ಇಕಾಮಾ ಐತಿ. ಇನ್ನ ಮ್ಯಾಲೆ ಈ ಸಂದೂಕದ ಕೆಲಸಾನೂ ಸಾಕು.”

ನಿನ್ನೆ ಕ್ಯಾಂಪಿಗೆ ಹೋಗುವ ಮೊದಲು, ಮನೆಯಲ್ಲಿದ್ದ ಬೇರೆಯವರ ಪೆಟ್ಟಿಗೆಗಳನ್ನೂ ಒಯ್ದು ತಾರಸಿಯ ಮೇಲೆ ತಗಡಿನ ಕೆಳಗೆ ಮುಚ್ಚಿಟ್ಟರು. ಇವರು ಹೋದ ಸ್ವಲ್ಪ ಹೊತ್ತಿಗೆ ಹರ್ಬರ್ಟನ ಫೋನು ಮತ್ತೆ ಬಂತು. ಇವತ್ತು ಮಧ್ಯಾಹ್ನದ ನಮಾಜು ಮುಗಿದ ಮೇಲೆ ಓದಿಕೊಂಡ ಹಿರಿಯರೊಬ್ಬರು ಬಂದು ಗಂಟು ಬಿಚ್ಚಿ ಪ್ರಾರ್ಥನೆ ಮಾಡುತ್ತಾರೆ. ಅದಾದ ಮೇಲೆ ಮೈದುನ ತೆರೆಸಾಳನ್ನು ಪೊಲೀಸ್ ಠಾಣೆಗೆ ಒಪ್ಪಿಸುತ್ತಾನೆ. ಗುರುವಾರ ಸಂಜೆಯಿಂದ ಅವನು ಬಹಳ ಬಿಗಿಯಾಗಿದ್ದಾನೆ, ಯಾಕೋ ಗೊತ್ತಿಲ್ಲ ಎಂದ ಹರ್ಬರ್ಟ್. ತೆರೆಸಾ ಏನು ಹೇಳುತ್ತಾಳೆ ಎಂದು ಕೇಳಿದೆ. ಎಷ್ಟು ಕೇಳಿದರೂ ನನಗೆ ಗೊತ್ತಿಲ್ಲ ಎನ್ನುತ್ತಾಳೆ, ಬೇರೆ ಮಾತೇ ಇಲ್ಲ, ಜಪಸರ ಹಿಡಿದು ಕೂತಿದ್ದಾಳೆ ಎಂದ.

ಅವಳಿಗೆ ಗೊತ್ತಿದೆಯಲ್ಲ ಅಕ್ಕ. ಹವಲ್ಲಿಯ ದೇವಕ್ಕ ಎಂದು ಒಂದು ಮಾತು ಆಡಿದರೆ ಅವಳು ಬಿಡುಗಡೆ. ಆಡಿಲ್ಲ. ನನಗೆ ಮಗಳಿದ್ದಾಳೆ ಎಂದೋ, ತುದಿ ಹಿಡಿದವಳು ತಾನೇ ಎಂಬ ಭಯಕ್ಕೋ, ತಿಳಿಯದು. ಅವಳು ನನ್ನ ಹೆಸರು ಹೇಳಿಲ್ಲ ಎಂದು ಕೇಳಿದಾಗ ನನಗೆ ಮೊದಲು ಆದದ್ದು ನಿರಾಳ. ಫೋನಿಟ್ಟು ನೀರು ಕುಡಿದೆ, ಸ್ನೇಹಾಳಿಗೆ ಉಣ್ಣಲು ಕೊಟ್ಟೆ, ನಗುತ್ತ ಮಾತಾಡಿದೆ ಕೂಡ. ಆಮೇಲೆ ಆ ನಿರಾಳವನ್ನು ನೆನೆದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ನಾವು ಮೂವರೂ ಉಳಿಯುತ್ತೇವೆ. ಸ್ನೇಹಾಳ ಪರೀಕ್ಷೆ ಮುಗಿಯುತ್ತದೆ, ಬೇಸಿಗೆಗೆ ಊರಿಗೆ ಬರುತ್ತೇವೆ, ನಿನ್ನ ಜೊತೆ ಕೂತು ಶೇಂಗಾ ಹೋಳಿಗೆ ತಿನ್ನುತ್ತೇವೆ. ಅಷ್ಟೂ ದಿನ ತೆರೆಸಾ ಎಲ್ಲಿರುತ್ತಾಳೆ?

ನಾನು ರುಮೈಥಿಯಾಕ್ಕೆ ಹೋಗುತ್ತೇನೆ. ಆ ಹಿರಿಯರು ಬರುವ ಮೊದಲೇ ಹೋಗಿ, ಕಟ್ಟಿದವಳು ನಾನು ಎಂದು ಹೇಳುತ್ತೇನೆ. ತಂಗಿ ಧೈರ್ಯವಂತೆ ಎಂದು ಊರೆಲ್ಲ ಹೇಳಿಕೊಂಡು ಬರಬೇಡ. ಹೊರಡಲೆಂದು ಉಟ್ಟ ಸೀರೆಯ ನೆರಿಗೆಯನ್ನು ಮೂರು ಸಲ ಬಿಚ್ಚಿ ಹಿಡಿದಿದ್ದೇನೆ. ಅವರು ನನ್ನನ್ನು ಹಿಡಿದು ಕೊಡಬಹುದು. ಕೊಡದೆ ಇರಬಹುದು. ಇವರಿಗೆ ನಾನು ಏನೂ ಹೇಳಿಲ್ಲ, ಹೇಳಿದರೆ ಹೋಗಲು ಬಿಡುವುದಿಲ್ಲ. ಕಾರ್ಮೆಲ್ ಬಳಿ ಹಲ್ಲು ನೋವು, ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಹೇಳಿ ಮನೆಯ ಕೀಲಿ ಕೊಡುತ್ತೇನೆ.

ನಾನು ಬರದೇ ಹೋದರೆ ಸ್ನೇಹಾಳನ್ನು ನೀನು ಇಟ್ಟುಕೋ. ಅತ್ತೆಯ ಮನೆಗೆ ಕಳಿಸಬೇಡ, ಅಲ್ಲಿ ಅವಳ ಇಂಗ್ಲಿಷನ್ನು ಆಡಿಕೊಳ್ಳುತ್ತಾರೆ. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಬರುವುದಿಲ್ಲ, ನಾಲ್ಕು ದಿನ ಸುಮ್ಮನಿರು, ತಾನೇ ಮಾತಾಡುತ್ತಾಳೆ. ಬದನೆಕಾಯಿ ತಿಂದರೆ ಮೈ ತುರಿಸುತ್ತದೆ. ಅವ್ವ ಏನು ಮಾಡಿದಳು ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳು, ಕೆಟ್ಟದ್ದೇನೂ ಮಾಡಿಲ್ಲ, ಒಬ್ಬ ಹುಡುಗಿಗೆ ಒಳ್ಳೆಯದಾಗಲಿ ಎಂದು ಉಡಿ ಕಟ್ಟಿದಳು ಎಂದು.

ಪತ್ರವನ್ನು ಮಡಚಿ ಕಾರ್ಮೆಲ್ ಕೈಗೆ ಕೊಟ್ಟು ಹೋಗುತ್ತೇನೆ, ನಾಳೆ ಮೋರಿಸ್ ಜೊತೆ ಹೇಗೂ ನಿನಗೆ ಬಂದು ಮುಟ್ಟುತ್ತದೆ. ನಾನು ತಿರುಗಿ ಬಂದರೆ ಇಸಿದುಕೊಂಡು ಇನ್ನೆರಡು ಸಾಲು ಸೇರಿಸುತ್ತೇನೆ. ಕೆಳಗೆ ಏನೂ ಇಲ್ಲದಿದ್ದರೆ ನಾನು ಬರಲಿಲ್ಲ ಎಂದು ತಿಳಿದುಕೋ.

ನಿನ್ನ ಮಡಿಲಲ್ಲಿ ತಲೆಯಿಟ್ಟು ಅಳಬೇಕೆನಿಸುವ ತಂಗಿ,
ದೇವಕ್ಕ

ತಾ.ಕ.: ಅದೇ ದಿನ, ಸಂಜೆ.

ಬಂದಿದ್ದೇನೆ. ತೆರೆಸಾಳನ್ನು ಬಿಟ್ಟರು.

ಗೇಟು ತೆರೆದ ಹರ್ಬರ್ಟ್ ನನ್ನನ್ನು ನೋಡಿ ತಿರುಗಿ ಹೋಗಿ ಎಂದು ಕೈಸನ್ನೆ ಮಾಡಿದ, ನಾನು ಒಳಗೆ ನಡೆದೆ. ಮೈದುನ ಆ ಹಿರಿಯರನ್ನು ಕರೆತರಲು ಹೋಗಿದ್ದ, ಉಮ್ಮ್ ಯೂಸುಫ್ ಒಬ್ಬರೇ ಕೂತಿದ್ದರು. ನನ್ನ ಹರಕು ಹಿಂದಿಯಲ್ಲಿ, ಗಂಟು ಕಟ್ಟಿದವಳು ನಾನು, ಅದು ಸಿಹ್ರ್ ಅಲ್ಲ, ನಮ್ಮಲ್ಲಿ ತವರಿನವರು ಮಗಳಿಗೆ ಹೀಗೆ ಕಟ್ಟಿಕೊಡುತ್ತಾರೆ ಎಂದೆ. ಅವರು ಎದ್ದು ಎರಡು ಹೆಜ್ಜೆ ಹಿಂದೆ ಸರಿದರು. ನನ್ನ ಕೈಹಿಡಿದಿದ್ದ ಹೆಂಗಸು ನನಗೆ ಹೆದರಿ ಹಿಂದೆ ಸರಿದದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಗಂಟನ್ನು ಅಂಗಳದ ಮೂಲೆಯಲ್ಲಿ ಬಕೆಟ್ ಬೋರಲು ಹಾಕಿ ಮುಚ್ಚಿದ್ದರು. ನಾನು ಹೋಗಿ ಬಕೆಟ್ ತೆಗೆದು ಗಂಟು ಬಿಚ್ಚಿದೆ. ಅವರ ಕಣ್ಣೆದುರಿಗೇ ಒಂದು ಉತ್ತತ್ತಿ ತಿಂದೆ, ಬೆಲ್ಲ ತಿಂದೆ, ಆ ಕೆಂಪು ಅಕ್ಕಿಯನ್ನು ಬಾಯಿಗೆ ಹಾಕಿ ಜಗಿದೆ. ಅರಿಷಿಣ ಕೊಂಬನ್ನು ನೆಲಕ್ಕೆ ತೇದು ಕೆನ್ನೆಗೆ ಹಚ್ಚಿಕೊಂಡೆ. ಮಾಟ ಮಾಡಿದವರು ಅದನ್ನು ತಾವೇ ತಿನ್ನುತ್ತಾರೆಯೇ ಅಮ್ಮಾ ಎಂದು ಕೇಳಿದೆ. ಅವರು ಬಾಗಿಲು ಹಿಡಿದು ನಿಂತು ಎಲ್ಲವನ್ನೂ ನೋಡಿದರು. ಆಮೇಲೆ, ನಂಬುತ್ತೇನೆ, ಆದರೂ ಇದು ನನ್ನ ಮನೆಯಲ್ಲಿ ಬೇಡ ಎಂದು ಹರ್ಬರ್ಟನನ್ನು ಕರೆದು ಸಮುದ್ರಕ್ಕೆ ಹಾಕಿ ಬರಲು ಹೇಳಿದರು. ಶೈಖಾಳ ಜ್ವರ ಬೆಳಿಗ್ಗೆ ಸ್ವಲ್ಪ ಇಳಿದಿದೆಯಂತೆ. ನೀನು ಇನ್ನು ಈ ಮನೆಗೆ ಬರಬೇಡ, ಮೈದುನನಿಗೆ ನಾನು ಹೇಳುತ್ತೇನೆ, ಅವನು ಕೇಳುತ್ತಾನೋ ಇಲ್ಲವೋ ಗೊತ್ತಿಲ್ಲ ಎಂದರು. ಅವನು ದೂರು ಕೊಟ್ಟರೂ ಕೊಡಬಹುದು. ಆ ಹೆದರಿಕೆ ಇನ್ನೂ ಇದೆ.

ನಾನು ಹೊರಟಾಗ ಅವರು ತಡೆದು ಕೇಳಿದರು.

“ಕಟ್ಟಿದವಳು ನೀನಾದರೆ, ನಿನ್ನ ಗಂಡ ಯಾಕೆ ತೆರೆಸಾಳ ಹೆಸರು ಹೇಳಿದ?”

ಗುರುವಾರ ಇವರು ಸಾಲ್ಮಿಯಾಕ್ಕೆ ಹೋಗಿರಲಿಲ್ಲ ಅಕ್ಕ, ನಡೆದದ್ದನ್ನೆಲ್ಲ ಉಮ್ಮ್ ಯೂಸುಫ್ ಹೇಳಿದರು. ಇಸ್ತ್ರಿ ಅಂಗಿ ತೆಗೆದ ಕಪಾಟಿನಲ್ಲೇ ನಿನ್ನ ಖಣಗಳಿದ್ದವು, ಕೆಂಪು ಖಣ ಇಲ್ಲದ್ದು ಇವರ ಕಣ್ಣಿಗೆ ಬಿದ್ದಿರಬೇಕು. ನೆಟ್ಟಗೆ ರುಮೈಥಿಯಾಕ್ಕೆ ಹೋಗಿ, ಸಂದೂಕು ಒಯ್ಯುವ ದಿನ ತೆರೆಸಾ ಅದರೊಳಗೆ ಕೆಂಪು ಗಂಟು ಇಡುವುದನ್ನು ನಾನೇ ಕಣ್ಣಾರೆ ಕಂಡೆ ಎಂದು ಎದೆಯ ಮೇಲೆ ಕೈಯಿಟ್ಟು ಮೈದುನನ ಮುಂದೆ ಹೇಳಿ ಬಂದಿದ್ದಾರೆ. ಆ ದಿನ ಇವರು ಕ್ಯಾಂಪಿನಲ್ಲಿದ್ದರು ಎಂದು ಹರ್ಬರ್ಟನಿಗೆ ಗೊತ್ತು, ಅವನನ್ನು ಯಾರೂ ಕೇಳಲಿಲ್ಲ. ಅಲ್ಲಿಯವರೆಗೆ ಇದ್ದದ್ದು ಬರೀ ಅನುಮಾನ. ಠಾಣೆಯ ಮಾತು ಬಂದದ್ದೇ ಇವರು ಹೋಗಿ ಬಂದ ಮೇಲೆ. ಅದನ್ನು ಮಾಡಿ ಬಂದು ಮಗಳಿಗೆ ಗಣಿತ ಹೇಳಿಕೊಟ್ಟರು.

ತೆರೆಸಾ ಗೇಟಿನವರೆಗೆ ಬಂದಳು. ಅತ್ತು ಅತ್ತು ಕಣ್ಣು ಬಾತಿದ್ದವು. ನನ್ನ ಎರಡೂ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದಳು.

“ಅಕ್ಕಾ, ಅಮರೇಶಣ್ಣ ನನ್ನ ಹೆಸರು ಹೇಳಿದ್ದು ಅಂತ ಇವರು ಹೇಳ್ತಾರೆ. ಸುಳ್ಳಲ್ವಾ?”

ಹೌದಮ್ಮ, ಸುಳ್ಳು ಎಂದೆ. ಅವಳು ನಂಬಿದಳು.

ಇವರು ಕೆಟ್ಟವರಲ್ಲ, ನಿನಗೇ ಗೊತ್ತು. ನನಗಾಗಿ, ಸ್ನೇಹಾಳಿಗಾಗಿ ಮಾಡಿದರು, ಅದೂ ಗೊತ್ತು. ಗುರುವಾರ ಬರುತ್ತಾರೆ. ನನ್ನನ್ನು ಉಳಿಸಿಕೊಳ್ಳಲು ಇನ್ನೊಬ್ಬರ ಮಗಳನ್ನು ಕೊಟ್ಟುಬಿಟ್ಟವರ ಎದುರು ಕೂತು ನಾನು ಹೇಗೆ ಉಣ್ಣಲಿ? ನನಗೆ ಈಗ ಇವರನ್ನು ಕಂಡರೆ ಹೆದರಿಕೆಯಾಗುತ್ತದೆ ಅಕ್ಕ.